ಕಬ್ಬಿನ ಬಿಲ್ಲಿನಲ್ಲಿ ಕಾಣದ ಕೋನ

ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಸೀಮೆಯಲ್ಲಿ ಚಹಾದಂಗಡಿಯಿಂದ ಪಂಚಾಯಿತಿ ಕಟ್ಟೆಯವರೆಗೆ ಎರಡು ಪ್ರಶ್ನೆಗಳು ಓಡಾಡುತ್ತವೆ: ಕಾಟಾ ಸರಿ ಇದೆಯೇ, ರಿಕವರಿ ಎಷ್ಟು ಬಂತು? ತೂಕದ ಅನುಮಾನವನ್ನು ರೈತ ಹೊರಗಿನ ಕಾಟಾದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಬಗೆಹರಿಸಿಕೊಳ್ಳಬಹುದು. ರಿಕವರಿ ಹಾಗಲ್ಲ. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತೆನ್ನುವ ಆ ಅಂಕಿ ಕಾರ್ಖಾನೆಯ ಒಳಗೇ ಹುಟ್ಟಿ, ಒಳಗೇ ಲೆಕ್ಕವಾಗಿ ಹೊರಗೆ ಬರುತ್ತದೆ. ದರ ನಿಂತಿರುವುದು ಮಾತ್ರ ಅದರ ಮೇಲೆಯೇ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತು ಮಾಡಿದ ಎಫ್‌ಆರ್‌ಪಿ (ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ) ಶೇ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೂ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು, ಅಂದರೆ ಟನ್ನಿಗೆ 34 ರೂಪಾಯಿ 60 ಪೈಸೆ. ದಶಾಂಶದ ಬಲಗಡೆಯ ಒಂದು ಅಂಕಿಗೆ ಇಷ್ಟು ಬೆಲೆ ಇರುವಾಗ, ಅದನ್ನು ಅಳೆಯುವ ವಿದ್ಯೆ ಏನೆಂದು ಬೆಳೆದವನಿಗೂ ಅವನ ಮನೆಯಲ್ಲಿ ಪಿಯುಸಿ ಓದುತ್ತಿರುವ ಮಗಳಿಗೂ ಗೊತ್ತಿರಬೇಕು.

ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪೋಲಾರಿಮೀಟರ್ ಎಂಬ ಉಪಕರಣವಿರುತ್ತದೆ. ಅದರ ಅಳತೆಯನ್ನು ಅಲ್ಲಿನವರು ‘ಪೋಲ್’ ಎನ್ನುತ್ತಾರೆ. ಮಾಮೂಲಿ ಬೆಳಕಿನ ಕಂಪನ ಎಲ್ಲ ದಿಕ್ಕಿಗೂ ಹರಡಿರುತ್ತದೆ. ಅದನ್ನು ಒಂದು ವಿಶೇಷ ಶೋಧಕದಿಂದ ಸೋಸಿ ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿ, ಸಕ್ಕರೆಯ ದ್ರಾವಣದೊಳಗೆ ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗಿಕೊಳ್ಳುತ್ತದೆ. 26 ಗ್ರಾಂ ಶುದ್ಧ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಿ, 20 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ತುಂಬಿ ಸೋಡಿಯಂ ದೀಪದ ಹಳದಿ ಬೆಳಕು ಹಾಯಿಸಿದರೆ ತಿರುವು ಸುಮಾರು 34.6 ಡಿಗ್ರಿ. ಈ ತಿರುವನ್ನೇ ಜಗತ್ತಿನ ಸಕ್ಕರೆ ಉದ್ಯಮ 100 ಎಂದು ಹಿಡಿದು ಅಳತೆಪಟ್ಟಿ ಮಾಡಿಕೊಂಡಿದೆ. ಒಳಗೆ ಬಂದ ರಸದಲ್ಲಿ ಎಷ್ಟು ಸಕ್ಕರೆ ಇತ್ತು, ಹಿಂಡಿದ ಸಿಪ್ಪೆಯಲ್ಲಿ ಎಷ್ಟು ಉಳಿಯಿತು, ಪ್ರೆಸ್‌ಮಡ್ಡಿನಲ್ಲಿ, ಕಾಕಂಬಿಯಲ್ಲಿ ಎಷ್ಟು ಹೋಯಿತು ಎಂಬ ಇಡೀ ಜಮಾಖರ್ಚು ಈ ತಿರುವಿನಿಂದ ತಿಳಿಯುತ್ತದೆ.

ಉಪ್ಪಿನ ನೀರು ಬೆಳಕನ್ನು ಹೀಗೆ ತಿರುಗಿಸುವುದಿಲ್ಲ. ಸಕ್ಕರೆ ಯಾಕೆ ತಿರುಗಿಸುತ್ತದೆ? ಉತ್ತರ ಸಕ್ಕರೆಯ ಅಣುವಿನ ಆಕಾರದಲ್ಲಿದೆ. ಆ ಆಕಾರಕ್ಕೆ ಕಾರಣವೇನೆಂದು ಕೇಳಿದರೆ ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಒಂದು ಪಾಠಕ್ಕೆ ಬಂದು ನಿಲ್ಲುತ್ತೇವೆ: ಎಲೆಕ್ಟ್ರಾನ್ ಜೋಡಿಗಳ ವಿಕರ್ಷಣೆ. ಪುಸ್ತಕದಲ್ಲಿ ಅದರ ಹೆಸರು ವಿಎಸ್‌ಇಪಿಆರ್ ಸಿದ್ಧಾಂತ. ಮಕ್ಕಳು ಅದನ್ನು ಒಂದು ಕೋಷ್ಟಕವಾಗಿ ಬಾಯಿಪಾಠ ಮಾಡುತ್ತಾರೆ. ಇಂಥ ಅಣುವಿಗೆ ಇಂಥ ಆಕಾರ, ಇಷ್ಟು ಡಿಗ್ರಿ. ಪರೀಕ್ಷೆ ಮುಗಿದ ಮೇಲೆ ಕೋಷ್ಟಕ ಮರೆತುಹೋಗುತ್ತದೆ. ಇದು ನಿಜವಾಗಿ ಬಾಯಿಪಾಠದ ವಿಷಯವೇ ಅಲ್ಲ. ಹತ್ತರವರೆಗೆ ಎಣಿಸಲು ಬರುವವರು ಕುಳಿತಲ್ಲೇ ಲೆಕ್ಕ ಹಾಕಿ ಕಂಡುಕೊಳ್ಳಬಹುದಾದ ವಿಷಯ.

ಪರಮಾಣುವಿನ ಹೊರಕವಚದಲ್ಲಿರುವ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಇರುತ್ತವೆ. ಕೆಲವು ಜೋಡಿಗಳು ಪಕ್ಕದ ಪರಮಾಣುವನ್ನು ಹಿಡಿದುಕೊಂಡಿರುತ್ತವೆ. ಅವು ಬಂಧ ಜೋಡಿ. ಕೆಲವು ಯಾರನ್ನೂ ಹಿಡಿಯದೆ ತಮ್ಮಷ್ಟಕ್ಕೆ ಇರುತ್ತವೆ. ಅವು ಒಂಟಿ ಜೋಡಿ. ಎಲ್ಲ ಜೋಡಿಗಳೂ ಒಂದರಿಂದ ಒಂದು ಆದಷ್ಟು ದೂರ ಸರಿಯುತ್ತವೆ. ಸಿದ್ಧಾಂತದ ತಿರುಳು ಇಷ್ಟೇ. ಕೃಷ್ಣಾ ಕಣಿವೆ ತಳಿಯ ನಾಲ್ಕು ಹೋರಿಗಳನ್ನು ಒಂದೇ ಗೂಟಕ್ಕೆ ಕಟ್ಟಿದರೆ, ಒಂದಕ್ಕೊಂದು ಆಗದ ಅವು ಹಗ್ಗ ಎಳೆದುಕೊಂಡು ನಾಲ್ಕು ದಿಕ್ಕಿಗೆ ನಿಲ್ಲುತ್ತವೆ. ಅವುಗಳ ನಡುವಿನ ಕೋನ 90 ಡಿಗ್ರಿ, ಯಾಕೆಂದರೆ ಅವುಗಳಿಗೆ ಇರುವುದು ನೆಲ ಮಾತ್ರ. ಎಲೆಕ್ಟ್ರಾನ್ ಜೋಡಿಗಳಿಗೆ ಮೇಲೂ ಕೆಳಗೂ ಜಾಗವಿದೆ. ಆದ್ದರಿಂದ ನಾಲ್ಕು ಜೋಡಿಗಳು ನೆಲಕ್ಕೆ ಅಂಟದೆ ಚತುರ್ಮುಖಿಯ ನಾಲ್ಕು ಮೂಲೆಗಳಿಗೆ ಚಾಚಿಕೊಳ್ಳುತ್ತವೆ. ಆಗ ಕೋನ 109.5 ಡಿಗ್ರಿಗೆ ಏರುತ್ತದೆ. ನಾಲ್ಕು ಜೋಡಿಗಳಿಗೆ ಇದಕ್ಕಿಂತ ದೂರದ ನಿಲುವು ಇಲ್ಲ.

ಈಗ ನಮ್ಮ ಸುತ್ತಲಿನ ವಸ್ತುಗಳ ಮೇಲೆ ಲೆಕ್ಕ ಹಾಕೋಣ. ಹಿತ್ತಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್. ಇಂಗಾಲದ ಹೊರಕವಚದಲ್ಲಿ 4 ಎಲೆಕ್ಟ್ರಾನ್, ನಾಲ್ಕು ಹೈಡ್ರೊಜನ್‌ಗಳಿಂದ 4, ಒಟ್ಟು 8, ಅಂದರೆ ನಾಲ್ಕು ಜೋಡಿ. ನಾಲ್ಕೂ ಬಂಧ ಜೋಡಿಗಳೇ. ಮೀಥೇನ್ ಪರಿಪೂರ್ಣ ಚತುರ್ಮುಖಿ, 109.5 ಡಿಗ್ರಿ. ಕಬ್ಬಿಗೆ ಯೂರಿಯಾ ಹಾಕಿ ನೀರು ಕಡಿಮೆಯಾದಾಗ ಮೂಗಿಗೆ ಹತ್ತುವ ಘಾಟು ಅಮೋನಿಯಾ. ಸಾರಜನಕದ 5, ಹೈಡ್ರೊಜನ್‌ನ 3, ಮತ್ತೆ 8, ಮತ್ತೆ ನಾಲ್ಕು ಜೋಡಿ. ಆದರೆ ಇಲ್ಲಿ ಮೂರು ಮಾತ್ರ ಬಂಧ ಜೋಡಿ, ಒಂದು ಒಂಟಿ. ಒಂಟಿ ಜೋಡಿಯನ್ನು ಎಳೆಯುವುದು ಒಂದೇ ನ್ಯೂಕ್ಲಿಯಸ್ಸು. ಹಾಗಾಗಿ ಅದು ಕೇಂದ್ರದ ಹತ್ತಿರವೇ ಅಗಲವಾಗಿ ಹರಡಿಕೊಂಡು ಉಳಿದವರ ಜಾಗವನ್ನು ಒತ್ತುತ್ತದೆ. ಬಂಧಗಳ ನಡುವಿನ ಕೋನ ಸುಮಾರು 107ಕ್ಕೆ ಕುಗ್ಗುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳಲ್ಲಿ ಹರಿಯುವ ನೀರಿಗೂ ಇದೇ ಲೆಕ್ಕ: ಆಮ್ಲಜನಕದ 6, ಹೈಡ್ರೊಜನ್‌ನ 2, ಒಟ್ಟು ನಾಲ್ಕು ಜೋಡಿ. ಅದರಲ್ಲಿ ಎರಡು ಒಂಟಿ. ಒತ್ತುವರಿ ಇನ್ನೂ ಹೆಚ್ಚಾಗಿ ಕೋನ 104.5ಕ್ಕೆ ಇಳಿಯುತ್ತದೆ.

ಒಂಟಿ ಜೋಡಿಗಳನ್ನು ಎಣಿಸಬೇಕು, ಆಕಾರ ಹೇಳುವಾಗ ಮಾತ್ರ ಅವನ್ನು ಬಿಟ್ಟು ಪರಮಾಣುಗಳನ್ನಷ್ಟೇ ನೋಡಬೇಕು. ಮಕ್ಕಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ನೀರಿನ ನಾಲ್ಕು ಜೋಡಿಗಳೂ ಚತುರ್ಮುಖಿಯಾಗಿ ನಿಂತಿವೆ, ಆದರೆ ಪರಮಾಣು ಇರುವುದು ಮೂರೇ. ಅದಕ್ಕೇ ನೀರಿನ ಅಣು ಬಾಗಿದ ಅಣು. ಹಾಗೆ ಬಾಗಿರುವುದರಿಂದಲೇ ಅದಕ್ಕೆ ಒಂದು ಕಡೆ ತುಸು ಋಣ, ಇನ್ನೊಂದು ಕಡೆ ತುಸು ಧನ ವಿದ್ಯುದಂಶ ಉಳಿಯುತ್ತದೆ, ಸಕ್ಕರೆಯಂಥ ವಸ್ತುವನ್ನು ಅದು ಕರಗಿಸಿಕೊಳ್ಳುತ್ತದೆ.

ಈ ಲೆಕ್ಕದ ನಿಜವಾದ ಶಕ್ತಿ ಕಾಣುವುದು ಸಕ್ಕರೆ ಕಾರ್ಖಾನೆಯ ಎರಡು ಅನಿಲಗಳನ್ನು ಜೊತೆಗಿಟ್ಟು ನೋಡಿದಾಗ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಿಂದಲೂ ಸಕ್ಕರೆ ಕಾರ್ಖಾನೆಯಿದೆ. ಈಗ ಈ ಸೀಮೆಯ ತಾಲ್ಲೂಕುಗಳಲ್ಲೆಲ್ಲ ಕಾರ್ಖಾನೆಗಳಿವೆ, ಹಲವಕ್ಕೆ ಡಿಸ್ಟಿಲರಿಯೂ ಇದೆ. ಡಿಸ್ಟಿಲರಿಯಲ್ಲಿ ಕಾಕಂಬಿ ಹುಳಿತು ಮದ್ಯಸಾರವಾಗುವಾಗ ಏಳುವುದು ಇಂಗಾಲದ ಡೈಆಕ್ಸೈಡ್. ಬಿಳಿ ಸಕ್ಕರೆ ತಯಾರಿಸುವಾಗ ಕಬ್ಬಿನ ರಸಕ್ಕೆ ಸುಣ್ಣದ ಹಾಲು ಬೆರೆಸಿ, ಗಂಧಕ ಸುಟ್ಟು ಬಂದ ಅನಿಲವನ್ನು ಹಾಯಿಸುತ್ತಾರೆ. ಅದು ಗಂಧಕದ ಡೈಆಕ್ಸೈಡ್. ಒಂದರ ಸೂತ್ರದಲ್ಲಿ ಒಂದು ಇಂಗಾಲ, ಎರಡು ಆಮ್ಲಜನಕ. ಇನ್ನೊಂದರಲ್ಲಿ ಒಂದು ಗಂಧಕ, ಎರಡು ಆಮ್ಲಜನಕ. ಕಾಗದದ ಮೇಲೆ ಅಣ್ಣತಮ್ಮಂದಿರು. ಆಕಾರದಲ್ಲಿ ಅಲ್ಲ.

ಇಂಗಾಲಕ್ಕೆ ಇರುವ ನಾಲ್ಕು ಎಲೆಕ್ಟ್ರಾನುಗಳೂ ಎರಡು ಜೋಡಿಬಂಧಗಳಲ್ಲಿ, ಅಂದರೆ ಎರಡೆರಡು ಜೋಡಿ ಎಲೆಕ್ಟ್ರಾನುಗಳಿಂದಾದ ಬಂಧಗಳಲ್ಲಿ, ಖರ್ಚಾಗುತ್ತವೆ. ಜೋಡಿಬಂಧ ಎಷ್ಟೇ ದಪ್ಪವಿದ್ದರೂ ಅದು ಚಾಚುವುದು ಒಂದೇ ದಿಕ್ಕಿಗೆ, ಆದ್ದರಿಂದ ದಿಕ್ಕಿನ ಲೆಕ್ಕದಲ್ಲಿ ಅದು ಒಂದೇ. ಎರಡು ದಿಕ್ಕು, ಒಂಟಿ ಜೋಡಿ ಇಲ್ಲ. ಎರಡು ದಿಕ್ಕುಗಳು ದೂರ ಸರಿದರೆ ಎದುರುಬದುರು, 180 ಡಿಗ್ರಿ, ನೇರ ಅಣು. ಗಂಧಕಕ್ಕೆ ಆರು ಎಲೆಕ್ಟ್ರಾನು. ಎರಡು ಆಮ್ಲಜನಕಗಳನ್ನು ಹಿಡಿದ ಮೇಲೂ ಒಂದು ಒಂಟಿ ಜೋಡಿ ಉಳಿಯುತ್ತದೆ. ಮೂರು ದಿಕ್ಕು, ಸುಮಾರು 120 ಡಿಗ್ರಿ. ಅಳೆದು ನೋಡಿದಾಗ ಸಿಗುವುದು 119ರ ಆಸುಪಾಸು. ಅದು ಬಾಗಿದ ಅಣು.

ನೇರ ಅಣುವಿನಲ್ಲಿ ಎರಡು ಕಡೆಯ ವಿದ್ಯುತ್ ಎಳೆತ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತದೆ. ಬಾಗಿದ ಅಣುವಿನಲ್ಲಿ ಆಗುವುದಿಲ್ಲ. ಅಣುಗಳು ಒಂದಕ್ಕೊಂದು ಎಷ್ಟು ಅಂಟಿಕೊಳ್ಳುತ್ತವೆ, ನೀರಿನೊಂದಿಗೆ ಎಷ್ಟು ಬೆರೆಯುತ್ತವೆ ಎಂಬುದರಲ್ಲಿ ಇದು ದೊಡ್ಡ ಪಾಲು ವಹಿಸುತ್ತದೆ. ಗಂಧಕದ ಡೈಆಕ್ಸೈಡ್ ಸೊನ್ನೆಗಿಂತ ಕೆಳಗೆ 10 ಡಿಗ್ರಿಗೇ ದ್ರವವಾಗುತ್ತದೆ. ಇಂಗಾಲದ ಡೈಆಕ್ಸೈಡ್ ವಾತಾವರಣದ ಒತ್ತಡದಲ್ಲಿ ದ್ರವವಾಗುವುದೇ ಇಲ್ಲ. ಸೊನ್ನೆಗಿಂತ ಕೆಳಗೆ 78 ಡಿಗ್ರಿಯಲ್ಲಿ ನೇರವಾಗಿ ಗಟ್ಟಿಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಗಂಧಕದ ಡೈಆಕ್ಸೈಡನ್ನು ನೂರು ಗ್ರಾಮಿಗೂ ಮೇಲೆ ಹೀರಿಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡನ್ನು ಎರಡು ಗ್ರಾಮಿಗಿಂತ ಕಡಿಮೆ. ಗಂಧಕದ ಹೊಗೆ ರಸದಲ್ಲಿ ಸಲೀಸಾಗಿ ಕರಗಿ, ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಸಲ್ಫೈಟಾಗಿ ಕೊಳೆಯನ್ನು ತಳಕ್ಕೆ ಎಳೆದುಕೊಂಡು ಹೋಗುವುದರ ಹಿಂದೆ ಇದೂ ಒಂದು ಕಾರಣ. ಅದೇ ಗುಣದಿಂದ ಅದು ಕಣ್ಣು, ಮೂಗು, ಗಂಟಲಿನ ತೇವಕ್ಕೆ ತಕ್ಷಣ ಇಳಿದು ಉರಿಸುತ್ತದೆ. ಗಂಧಕದ ಒಲೆಯ ಬಳಿ ದುಡಿಯುವ ಕಾರ್ಮಿಕರ ಗಂಟಲು ಇದನ್ನು ಚೆನ್ನಾಗಿ ಬಲ್ಲದು.

ಇನ್ನು ಪೋಲ್‌ನ ವಿಚಾರ. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯಾಗಿ ಚಾಚಿವೆ ಎಂದೆವು. ಆ ನಾಲ್ಕಕ್ಕೂ ಬೇರೆಬೇರೆ ಗುಂಪುಗಳು ಅಂಟಿಕೊಂಡಿವೆ ಎನ್ನಿ. ಅಂಥ ಇಂಗಾಲವನ್ನು ಎರಡು ರೀತಿ ಜೋಡಿಸಬಹುದು, ಒಂದು ಇನ್ನೊಂದರ ಕನ್ನಡಿ ಬಿಂಬ. ಎಷ್ಟು ತಿರುಗಿಸಿದರೂ ಒಂದನ್ನು ಇನ್ನೊಂದರ ಮೇಲೆ ಸರಿಯಾಗಿ ಕೂರಿಸಲಾಗದು. ನಾಲ್ಕು ಬಂಧಗಳೂ ಒಂದೇ ಸಮತಲದಲ್ಲಿ ಇದ್ದಿದ್ದರೆ ಈ ಎಡ-ಬಲ ಭೇದವೇ ಹುಟ್ಟುತ್ತಿರಲಿಲ್ಲ. ಚಪ್ಪಟೆಯಾದದ್ದನ್ನು ಮಗುಚಿ ಹಾಕಿದರೆ ಅದರ ಬಿಂಬ ಸಿಕ್ಕಿಬಿಡುತ್ತದೆ. ಬೆಳಕನ್ನು ತಿರುಗಿಸುವುದು ಈ ಎಡ-ಬಲ ಭೇದವುಳ್ಳ ಅಣುಗಳು. ಕಬ್ಬಿನ ಸಕ್ಕರೆಯ ಒಂದು ಅಣುವಿನಲ್ಲಿ ಇಂಥ ಇಂಗಾಲಗಳು 9 ಇವೆ. ಲೆಕ್ಕದ ಪ್ರಕಾರ 512 ಬಗೆಯ ಜೋಡಣೆ ಸಾಧ್ಯ. ಕಬ್ಬಿನ ಗಿಡ ಮಾಡುವುದು ಅದರಲ್ಲಿ ಒಂದೇ ಒಂದನ್ನು, ಪ್ರತಿ ಸಲವೂ ಅದೇ. ಕೃಷ್ಣಾ ತೀರದ ಕಬ್ಬಾದರೂ ಕ್ಯೂಬಾದ ಕಬ್ಬಾದರೂ ಬೆಳಕು ಬಲಕ್ಕೇ, ಅಷ್ಟೇ ತಿರುಗುತ್ತದೆ.

ಇದರಿಂದ ರೈತನಿಗೆ ನೇರವಾಗಿ ತಟ್ಟುವ ಒಂದು ವಿಚಾರವಿದೆ. ಕಡಿದ ಕಬ್ಬು ಗದ್ದೆಯಲ್ಲೋ ಯಾರ್ಡಿನಲ್ಲೋ ಬಿಸಿಲಿಗೆ ನಿಂತಷ್ಟೂ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಗ್ಲೂಕೋಸ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಫ್ರಕ್ಟೋಸ್ ಎಡಕ್ಕೆ, ಅದೂ ಹೆಚ್ಚು ಬಲವಾಗಿ. ಎರಡೂ ಸೇರಿದರೆ ಒಟ್ಟು ತಿರುವು ಎಡಕ್ಕೆ. ಹೀಗಾಗಿ ಒಡೆದ ಸಕ್ಕರೆ ಪೋಲ್ ಲೆಕ್ಕದಲ್ಲಿ ಕಾಣದೆ ಹೋಗುವುದಷ್ಟೇ ಅಲ್ಲ, ಉಳಿದ ಸಕ್ಕರೆಯ ತಿರುವನ್ನೂ ಕೊಂಚ ತಿಂದುಹಾಕುತ್ತದೆ. ಬಾಯಿಗೆ ಸಿಹಿ ಹಾಗೇ ಇರುತ್ತದೆ, ಹರಳಾಗುವ ಸಕ್ಕರೆ ಕಡಿಮೆಯಾಗಿರುತ್ತದೆ. ಕಬ್ಬು ಕಡಿಯುವ ಟೋಳಿ ತಡವಾಗಿ ಬಂದದ್ದು, ಲಾರಿ ಸಾಲಿನಲ್ಲಿ ನಿಂತದ್ದು, ಇವೆಲ್ಲ ಅಣುವಿನ ಮಟ್ಟದಲ್ಲಿ ದಾಖಲಾಗಿ ಕೊನೆಗೆ ರಿಕವರಿಯಾಗಿ ಹೊರಬರುತ್ತವೆ. ತಡ ಯಾರಿಂದಾಯಿತು ಎಂಬುದನ್ನು ಮಾತ್ರ ಪೋಲಾರಿಮೀಟರ್ ಹೇಳದು. ಆ ವಾದಕ್ಕೆ ರೈತ ಕಡಿದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆಶ್ಚರ್ಯವೆಂದರೆ ಇತಿಹಾಸದಲ್ಲಿ ಈ ಸಂಗತಿಗಳು ತಿರುಗುಮುರುಗಾಗಿ ತಿಳಿದುಬಂದವು. ಸಕ್ಕರೆಯ ದ್ರಾವಣ ಬೆಳಕನ್ನು ತಿರುಗಿಸುವುದನ್ನು ಫ್ರಾನ್ಸಿನ ಬಿಯೋ 1815ರಲ್ಲೇ ಕಂಡಿದ್ದ. 1848ರಲ್ಲಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳಲ್ಲಿ ಎಡ-ಬಲ ರೂಪಗಳನ್ನು ಕೈಯಿಂದ ಆರಿಸಿ ಬೇರ್ಪಡಿಸಿದ. 1874ರಲ್ಲಿ 22 ವರ್ಷದ ಡಚ್ ತರುಣ ವಾಂಟ್ ಹಾಫ್, ಇಂಗಾಲದ ಬಂಧಗಳು ಚತುರ್ಮುಖಿಯಾಗಿದ್ದರೆ ಮಾತ್ರ ಇದೆಲ್ಲ ಹೊಂದುತ್ತದೆ ಎಂದು ಬರೆದ. ಅದೇ ವರ್ಷ ಫ್ರಾನ್ಸಿನ ಲೆಬೆಲ್ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದಿದ್ದ. ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಕೋಲ್ಬೆ, ಪಶುವೈದ್ಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈ ತರುಣನನ್ನು ಅಚ್ಚಿನಲ್ಲೇ ಹೀಯಾಳಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ, ಬೇರೊಂದು ಕೆಲಸಕ್ಕಾಗಿ, ವಾಂಟ್ ಹಾಫ್‌ನಿಗೇ ಸಂದಿತು. ಅವನು ಚತುರ್ಮುಖಿಯನ್ನು ಊಹಿಸಿದಾಗ ಎಲೆಕ್ಟ್ರಾನ್ ಎಂಬ ಕಣ ಇನ್ನೂ ಪತ್ತೆಯಾಗಿರಲಿಲ್ಲ. ಆಕಾರ ಮೊದಲು ತಿಳಿಯಿತು, ಕಾರಣ ಅನಂತರ.

ಕಾರಣದ ದಾರಿಯೂ ನಿಧಾನವೇ. ಬಂಧವೆಂದರೆ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು ಅಮೆರಿಕದ ಲೂಯಿಸ್ 1916ರಲ್ಲಿ ಹೇಳಿದ. ಜೋಡಿಗಳ ಸಂಖ್ಯೆಗೂ ಅಣುವಿನ ಆಕಾರಕ್ಕೂ ನಂಟಿದೆ ಎಂದು 1940ರಲ್ಲಿ ಆಕ್ಸ್‌ಫರ್ಡಿನ ಸಿಡ್ಜ್‌ವಿಕ್ ಮತ್ತು ಪೊವೆಲ್ ತೋರಿಸಿದರು. 1957ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಗಿಲೆಸ್ಪಿ ಮತ್ತು ನೈಹೋಮ್ ಅದಕ್ಕೆ ಒಂಟಿ ಜೋಡಿ ಹೆಚ್ಚು ಒತ್ತುತ್ತದೆ ಎಂಬ ನಿಯಮವನ್ನು ಸೇರಿಸಿ, ಕಾಲೇಜು ಮಕ್ಕಳು ಬಳಸಬಹುದಾದ ಸಾಧನವಾಗಿಸಿದರು. ನೈಹೋಮ್ ಹುಟ್ಟಿದ್ದು ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಎಂಬ ಗಣಿ ಊರಿನಲ್ಲಿ. ದುಡಿಮೆಯ ಊರಿನಿಂದ ದೊಡ್ಡ ರಸಾಯನಶಾಸ್ತ್ರಜ್ಞ ಹುಟ್ಟುವುದಕ್ಕೆ ಅಡ್ಡಿಯೇನಿಲ್ಲ ಎಂದು ಸಕ್ಕರೆ ಸೀಮೆಯ ಮಕ್ಕಳಿಗೆ ಹೇಳಬೇಕು.

ನಿಪ್ಪಾಣಿಯ ಕಡೆ ತಿರುಗಿದರೆ ಇದೇ ಒಂಟಿ ಜೋಡಿ ಇನ್ನೊಂದು ರೂಪದಲ್ಲಿ ಸಿಗುತ್ತದೆ. ಬೀಡಿ ತಂಬಾಕಿಗೆ ಹೆಸರಾದ ನೆಲ ಅದು. ತಂಬಾಕಿನ ನಿಕೋಟಿನ್ ಅಣುವಿನಲ್ಲಿ ಎರಡು ಸಾರಜನಕಗಳಿವೆ. ಅವುಗಳಲ್ಲಿ ಐದು ಪರಮಾಣುಗಳ ಉಂಗುರದಲ್ಲಿರುವುದು ಅಮೋನಿಯಾದಂತೆಯೇ ಮೂರು ಬಂಧ, ಒಂದು ಒಂಟಿ ಜೋಡಿ ಉಳ್ಳದ್ದು. ದೇಹದೊಳಗೆ ಆ ಒಂಟಿ ಜೋಡಿ ಒಂದು ಪ್ರೋಟಾನನ್ನು ಹಿಡಿದುಕೊಂಡರೆ ನಾಲ್ಕು ಬಂಧಗಳ, ಧನ ವಿದ್ಯುದಂಶದ ಚತುರ್ಮುಖಿಯಾಗುತ್ತದೆ. ನಮ್ಮ ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್‌ನಲ್ಲೂ ಅಂಥದೇ ಸಾರಜನಕವಿದೆ. ಹಾಗಾಗಿ ನಿಕೋಟಿನ್ ಅದರ ಜಾಗದಲ್ಲಿ ಹೋಗಿ ಕೂತು ನರಗಳನ್ನು ಕೆರಳಿಸುತ್ತದೆ. ಗಿಡ ಮಾಡುವುದು ಬಹುಪಾಲು ಬೆಳಕನ್ನು ಎಡಕ್ಕೆ ತಿರುಗಿಸುವ ನಿಕೋಟಿನ್. ಅದರ ಬಿಂಬರೂಪಕ್ಕೆ ಅಲ್ಲಿ ಅಷ್ಟು ಗಟ್ಟಿಯಾಗಿ ಕೂರಲು ಬರುವುದಿಲ್ಲ.

ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುವುದು ಯಾಕೆ? ಸುಣ್ಣ ಕ್ಷಾರ. ಅದು ಸಾರಜನಕ ಹಿಡಿದಿದ್ದ ಪ್ರೋಟಾನನ್ನು ಕಿತ್ತುಕೊಂಡು ಒಂಟಿ ಜೋಡಿಯನ್ನು ಮತ್ತೆ ಬಿಡಿಸುತ್ತದೆ. ವಿದ್ಯುದಂಶ ಕಳೆದುಕೊಂಡ ನಿಕೋಟಿನ್ ಬಾಯಿಯ ಒಳಪೊರೆಯನ್ನು ಬೇಗ ದಾಟಿ ರಕ್ತ ಸೇರುತ್ತದೆ. ತಲೆಮಾರುಗಳಿಂದ ಬಂದ ರೂಢಿಯ ಹಿಂದೆ ಇರುವುದು ಈ ರಸಾಯನ. ಚಟ ಬೇಗ ಅಂಟುವುದೂ ಇದರಿಂದಲೇ. ಹಸಿ ಎಲೆ ಕೀಳುವವರಿಗೆ, ಅದರಲ್ಲೂ ಇಬ್ಬನಿಯಲ್ಲಿ ಎಲೆ ತೊಯ್ದಿರುವಾಗ, ನಿಕೋಟಿನ್ ಚರ್ಮದ ಮೂಲಕವೇ ಇಳಿದು ವಾಕರಿಕೆ, ತಲೆಸುತ್ತು ತರುತ್ತದೆ. ಕೈಗವಸು ಹಾಕಿಕೊಳ್ಳುವುದು, ಎಲೆ ಒಣಗಿದ ಮೇಲೆ ಕೆಲಸಕ್ಕೆ ಇಳಿಯುವುದು ಇಂಥವರಿಗೆ ಸಣ್ಣ ರಕ್ಷಣೆಯೇನಲ್ಲ. ಬಾಯಿ ಕ್ಯಾನ್ಸರಿನ ವಿಷಯ ಗೊತ್ತೇ ಇದೆ. ಅದು ಹೊಗೆ ಬಿಡದ ತಂಬಾಕಿನಿಂದಲೂ ಬರುತ್ತದೆ.

ಎಲೆಕ್ಟ್ರಾನ್ ಜೋಡಿಗಳ ಈ ನಿಯಮಕ್ಕೆ ಮಿತಿಗಳಿಲ್ಲವೇ? ಇವೆ, ಅವನ್ನು ಮಕ್ಕಳಿಂದ ಮುಚ್ಚಿಡಬಾರದು. ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೊಜನ್ ಸಲ್ಫೈಡ್‌ಗೆ ನೀರಿನದೇ ಲೆಕ್ಕ, ನಾಲ್ಕು ಜೋಡಿ, ಎರಡು ಒಂಟಿ. ಆದರೆ ಅದರ ಕೋನ 104ರ ಹತ್ತಿರವಿಲ್ಲ, 92 ಡಿಗ್ರಿ. ಗಂಧಕ ಆಮ್ಲಜನಕಕ್ಕಿಂತ ದೊಡ್ಡದು. ಬಂಧ ಜೋಡಿಗಳು ಕೇಂದ್ರದಿಂದ ದೂರ ಉಳಿಯುವುದರಿಂದ ಇಕ್ಕಟ್ಟು ಕಡಿಮೆ, ಕೋನ ಕುಗ್ಗುತ್ತದೆ. ಕುಗ್ಗುತ್ತದೆ ಎಂದು ನಿಯಮ ಹೇಳುತ್ತದೆ, ಇಷ್ಟು ಎಂದು ಹೇಳದು. ತಾಮ್ರ, ನಿಕ್ಕಲ್‌ನಂಥ ಲೋಹಗಳ ಸಂಯುಕ್ತಗಳಲ್ಲಿ ಅದು ಅನೇಕ ಸಲ ಕೈಕೊಡುತ್ತದೆ. ವಿಕರ್ಷಣೆ ಎಂದರೆ ಬರೀ ಒಂದೇ ಬಗೆಯ ವಿದ್ಯುದಂಶಗಳ ತಳ್ಳಾಟವೂ ಅಲ್ಲ. ಒಂದೇ ಸ್ಪಿನ್ನಿನ ಎರಡು ಎಲೆಕ್ಟ್ರಾನುಗಳು ಒಂದೇ ಜಾಗದಲ್ಲಿ ಇರಲಾರವು ಎಂಬ ಪೌಲಿ ನಿಯಮ ಅದರ ಅಡಿಪಾಯ. ಗಿಲೆಸ್ಪಿ ಕೂಡ ಇದನ್ನು ಒತ್ತಿ ಹೇಳಿದ್ದರು.

ಹಾಗಿದ್ದೂ ಗೆದ್ದ ಕಡೆ ಅದು ದೊಡ್ಡದಾಗಿ ಗೆದ್ದಿದೆ. ಯಾವುದರ ಜೊತೆಗೂ ಸೇರದು ಎನ್ನುತ್ತಿದ್ದ ಕ್ಸೆನಾನ್ ಅನಿಲವನ್ನು 1962ರಲ್ಲಿ ನೀಲ್ ಬಾರ್ಟ್ಲೆಟ್ ಸಂಯುಕ್ತಕ್ಕೆ ಎಳೆದ ಮೇಲೆ ಅದರ ಫ್ಲೋರೈಡುಗಳು ಒಂದೊಂದಾಗಿ ಬಂದವು. ನಾಲ್ಕು ಫ್ಲೋರಿನ್ ಇರುವುದಕ್ಕೆ ಲೆಕ್ಕ ಹಾಕಿ: ಕ್ಸೆನಾನ್‌ನ 8, ಫ್ಲೋರಿನ್‌ಗಳಿಂದ 4, ಒಟ್ಟು ಆರು ಜೋಡಿ. ಎರಡು ಒಂಟಿ ಜೋಡಿಗಳು ಮೇಲೊಂದು ಕೆಳಗೊಂದು ನಿಂತರೆ ಫ್ಲೋರಿನ್‌ಗಳು ಚಪ್ಪಟೆ ಚೌಕವಾಗಬೇಕು. ಆಗಿವೆ. ಆರು ಫ್ಲೋರಿನ್ ಇರುವ ಅಣು ಸರಿಯಾದ ಅಷ್ಟಮುಖಿಯಾಗಿರಲಾರದು, ಏಳನೆಯ ಜೋಡಿ ಅದನ್ನು ಸೊಟ್ಟಗೆ ಮಾಡುತ್ತದೆ ಎಂದು ಗಿಲೆಸ್ಪಿ ಹೇಳಿದರು. ಹಾಗೇ ಇತ್ತು.

ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಇಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ, ಗಡಿಯ ಊರುಗಳಲ್ಲಿ ಮರಾಠಿಯಲ್ಲೋ ಓದಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಬಂದ ಕೂಡಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಹೊಸ ಭಾಷೆ, ಕಣ್ಣಿಗೆ ಕಾಣದ ವಸ್ತು, ಮೂರು ಆಯಾಮದ ಆಕಾರಕ್ಕೆ ಚಪ್ಪಟೆ ಚಿತ್ರ. ಜಾಣ ಮಕ್ಕಳೂ ಈ ಮೂರು ಭಾರವನ್ನು ಒಟ್ಟಿಗೆ ಹೊರಲಾರದೆ ಕೋಷ್ಟಕದ ಮೊರೆ ಹೋಗುತ್ತಾರೆ. ಇದು ಮಕ್ಕಳ ಬುದ್ಧಿಯ ದೋಷವಲ್ಲ, ಪಾಠ ಶುರು ಮಾಡುವ ಜಾಗದ ದೋಷ ಎಂದು ನಾನು ದೃಢವಾಗಿ ನಂಬುತ್ತೇನೆ. ಬೋರಾನ್ ಟ್ರೈಫ್ಲೋರೈಡಿನಿಂದ ಶುರು ಮಾಡಬೇಕಾಗಿಲ್ಲ. ಅದನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಗಂಧಕದ ಹೊಗೆಯಿಂದ, ಯೂರಿಯಾದ ಘಾಟಿನಿಂದ, ಪೋಲ್‌ನಿಂದ ಶುರು ಮಾಡಬಹುದು. ಮಾದರಿ ಮಾಡಲು ದುಬಾರಿ ಕಿಟ್ಟು ಬೇಡ. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡಿ ಆಡಿದ ಕೈಗಳಿಗೆ, ಬೆಂಡಿನ ತುಂಡಿಗೆ ನಾಲ್ಕು ಜಾಲಿ ಮುಳ್ಳು ಚುಚ್ಚಿ 109.5 ಡಿಗ್ರಿ ಮಾಡುವುದು ಕಷ್ಟವಲ್ಲ. ಎಡದ ಮಾದರಿ, ಬಲದ ಮಾದರಿ ಎರಡನ್ನೂ ಮಾಡಿ ಒಂದರ ಮೇಲೊಂದು ಕೂರಿಸಲು ಹೇಳಿದರೆ ಸಾಕು, ಒಂದು ತಾಸಿನಲ್ಲಿ ಅರ್ಥವಾಗುತ್ತದೆ.

ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಒಂದೇ. ಹಂಗಾಮು ನಡೆಯುತ್ತಿರುವಾಗಲೇ ಹತ್ತಿರದ ಪಿಯು ಕಾಲೇಜಿನ ಮಕ್ಕಳನ್ನು, ಅವರ ಜೊತೆ ಕಬ್ಬು ಹಾಕುವ ರೈತರನ್ನು ಒಂದು ದಿನ ಪ್ರಯೋಗಾಲಯಕ್ಕೆ ಕರೆಯಿರಿ. ಅವರ ಮುಂದೆಯೇ ರಸ ಸೋಸಿ, ಕೊಳವೆ ತುಂಬಿ, ಪೋಲ್ ಓದಿಸಿ. ಇಂದು ಕಡಿದ ಕಬ್ಬಿನ ರಸವನ್ನೂ ನಾಲ್ಕು ದಿನ ಬಿಸಿಲಿಗೆ ನಿಂತ ಕಬ್ಬಿನ ರಸವನ್ನೂ ಪಕ್ಕಪಕ್ಕದಲ್ಲಿ ಅಳೆದು ತೋರಿಸಿ. ಅಂಕಿ ಹೇಗೆ ಬಂತೆಂದು ಕಣ್ಣಾರೆ ಕಂಡ ರೈತ ನಂಬಬೇಕಾದ್ದನ್ನು ನಂಬುತ್ತಾನೆ, ಕೇಳಬೇಕಾದ್ದನ್ನು ಸರಿಯಾಗಿ ಕೇಳುತ್ತಾನೆ. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರುಗಳೇ, ಕಾರ್ಖಾನೆ ಕರೆಯುವವರೆಗೆ ಕಾಯಬೇಡಿ. ಈ ಹಂಗಾಮಿನಲ್ಲೇ ಒಂದು ಅರ್ಜಿ ಬರೆಯಿರಿ.